ನೋಯುವ ಸಾಲು

ನವೆಂಬರ್ ೯, ಭಾನುವಾರ

ಮುದ್ದಿನ ಗುಬ್ಬಿಗೆ,

ಹೇಗಿದ್ದೀಯೇ? ಈ ಸಲ ಕಾಗದ ತಡವಾಯಿತು, ಬೈದುಕೋ. ನೀನು ಬರೆಯದಿದ್ದರೂ ನಾನು ಬರೆಯುವುದನ್ನು ಬಿಡುವವಳಲ್ಲ, ನಿನಗೇ ಗೊತ್ತು.

ಹೊಸ ಕಾದಂಬರಿ ಮುಗಿಸಿದೆ. ಕಣ್ಣು ಕಾಣದ ಟೆಲಿಫೋನ್ ಆಪರೇಟರ್ ಒಬ್ಬನ ಕಥೆ. ಪ್ರಕಾಶಕರು, "ಯಾರಿಗೂ ನೋವಾಗಬಾರ್ದು ಮೇಡಂ, ಅಚ್ಚಿಗೆ ಮೊದಲು ಇವರಿಗೊಂದ್ಸಲ ಓದಿ ಹೇಳಿ" ಎಂದು ಒಬ್ಬರನ್ನು ಗೊತ್ತುಮಾಡಿದರು. ಹುಟ್ಟಿನಿಂದ ಕಣ್ಣು ಕಾಣದ ಹೆಂಗಸು. ನೋಯಿಸುವ ಮಾತು ಎಲ್ಲಿದೆ ಎಂದು ಹುಡುಕಿಕೊಡುವುದೇ ಅವರ ಕೆಲಸವಂತೆ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬರೆದವಳ ಬರಹದಲ್ಲಿ ಇನ್ನೊಬ್ಬರು ಮೂಗು ತೂರಿಸುವುದೇ! ಅಚ್ಚಿನ ಅಕ್ಷರವನ್ನಾದರೆ ಅವರ ಫೋನೇ ಗಟ್ಟಿಯಾಗಿ ಓದಿ ಹೇಳುತ್ತದಂತೆ, ಆದರೆ ನನ್ನ ಕೈಬರಹವನ್ನು ಅದು ಕೂಡ ಓದಲಾರದು. ಹಾಗಾಗಿ ಮಂಗಳವಾರ ಮಂಗಳವಾರ ಅವರು ಮನೆಗೆ ಬರತೊಡಗಿದರು, ನಾನು ಓದಿ ಹೇಳತೊಡಗಿದೆ.

ನಾಯಕ ಎಲ್ಲರ ಮುಖ ತಡವಿ ಗುರುತು ಹಿಡಿಯುತ್ತಾನೆಂದು ಬರೆದಿದ್ದೆ. "ಹಂಗೆ ಮುಖ ತಡವೋಕೆ ಹೋದ್ರೆ ಕಪಾಳಕ್ಕೆ ಬೀಳುತ್ತೆ ಅಮ್ಮಾ!" ಎಂದರು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಇನ್ನೊಂದು ಕಡೆ, ನಾಯಕ ನೆಂಟರ ಮನೆಯಲ್ಲಿ ಊಟಕ್ಕೆ ಕೂತಲ್ಲಿ, ಅವರು ನಗಲಿಲ್ಲ. "ಅವನಿಗೆ ಏನು ಬಡಿಸ್ಲಿ ಅಂತ ಪಕ್ಕದವರನ್ನ ಕೇಳ್ತಾರಲ್ಲ, ಅದು ನೋವಾಗುತ್ತೆ. ಅವನನ್ನೇ ಕೇಳ್ಲಿ." ನಾನದನ್ನು ಪ್ರೀತಿ ಎಂದುಕೊಂಡು ಬರೆದಿದ್ದೆ. ಅಲ್ಲೇ ತಿದ್ದಿದೆ. ಅವರು ಹೋದ ಮೇಲೆ ಒಂದರ ಬದಲು ಎರಡು ಲೋಟ ತೊಳೆಯುವುದೇ ನನಗೊಂದು ಸಂಭ್ರಮವಾಗಿತ್ತು.

ಪುಸ್ತಕ ಮುಗಿಯುತ್ತ ಬಂದಂತೆ, ಇನ್ನು ಅವರು ಬರುವುದೂ ನಿಲ್ಲುತ್ತದಲ್ಲ ಎನಿಸಿತು. ಮಾಡಬಾರದ್ದನ್ನು ಮಾಡಿದೆ ಗುಬ್ಬಿ. ತಿದ್ದಿದ್ದ ಅಧ್ಯಾಯಗಳಿಗೆ ನಾನೇ ಹೊಸ ತಪ್ಪು ಸೇರಿಸಿ, "ಇದೊಂದ್ಸಲ ಕೇಳಿಬಿಡಿ" ಎಂದು ಕರೆದೆ. ಕತ್ತಲ ಬದುಕು, ದೇವರ ಶಾಪ, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿದೆ.

ಮೊನ್ನೆ ಮಂಗಳವಾರ ಅವರು ಕೈಯೆತ್ತಿ ತಡೆದರು. "ಇದು ಮೊದಲು ಇರ್ಲಿಲ್ಲ. ಇಂಥ ಮಾತು ಬರೋ ಮುಂಚೆನೇ ನಿಮ್ಮ ದನಿಗೆ ಖುಷಿಯಾಗುತ್ತಲ್ಲ ಅಮ್ಮಾ, ಯಾಕೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕನ್ನಡಕ ಸರಿಮಾಡಿಕೊಂಡೆ. ಅವರಿಗೆ ಕಾಣದು ಎಂಬುದೇ ಮರೆತುಹೋಗಿತ್ತು.

"ನನ್ನ ಕೆಲಸ ಮುಗೀತು. ನಿಮ್ಮನ್ನ ತಪ್ಪು ಅನ್ನೋಕೆ ನಿಮ್ಮೋರು ಯಾರೂ ಇಲ್ವಾ?"

"ತಂಗಿ ಇದ್ದಾಳೆ" ಎಂದೆ. ಅವರು ಕೋಲು ಹಿಡಿದು ಮೆಟ್ಟಿಲಿಳಿದರು. ಬಾಗಿಲು ಹಾಕಿಕೊಂಡು ಅತ್ತೆ.

ನಿನ್ನ ಮಂಡಿನೋವು ಜೋಪಾನ. ಮಕ್ಕಳಿಗೆ ದೊಡ್ಡಮ್ಮನ ಆಶೀರ್ವಾದ ಹೇಳು. ನೂರು ಕಾಲ ನಗುನಗುತ್ತಾ ಬಾಳು.

ಎಂದಿಗೂ ನಿನ್ನ,
ಅಕ್ಕ

ತಾ.ಕ.: ಹಿಂದಿನ ಪುಸ್ತಕದಲ್ಲಿ ನಿನ್ನ ಕಥೆ ಬರೆದೆ. ಓದಿದ ದಿನದಿಂದ ನೀನು ನನ್ನೊಡನೆ ಮಾತು ಬಿಟ್ಟೆ. ಎಷ್ಟೋ ಸಲ ತಿರುವಿಹಾಕಿದ್ದೇನೆ, ನನಗೆ ಅದರಲ್ಲಿ ಪ್ರೀತಿ ಬಿಟ್ಟು ಬೇರೇನೂ ಕಾಣುವುದಿಲ್ಲ. ನೋವಾದ ಸಾಲು ಯಾವುದು ಗುಬ್ಬಿ? ಕ್ಷಮಿಸಬೇಕೆಂದಿಲ್ಲ. ಯಾವ ಪುಟ ಎಂದು ಹೇಳು, ಸಾಕು.