ಒಂದು ಹಾಯಿಯೂ ಕಾಣದ ಬೆಳಗು

ಅತ್ತಿಗೆ,

ಅಣ್ಣನ ಕನ್ನಡಕ ಕಳಿಸಿದ್ದೀನಿ. ದೋಣಿಯಲ್ಲಿ ನಕ್ಷೆ ನೋಡೋಕೆ ನಾನೇ ಇಸ್ಕೊಂಡಿದ್ದೆ.

ಹಾಯಿದೋಣಿ ಪಂದ್ಯದಲ್ಲಿ ಅವನು ಹುಂಬತನ ಮಾಡಿದ ಅಂತ ಪೇಪರಿನವರು ಬರೆದಿದ್ದಾರೆ. ದಾರಿ ಹೇಳ್ತಿದ್ದವಳು ನಾನು. ಸಂಜೆ ದಡದ ಕಡೆ ತಿರುಗಿದ ಹಾಗೆ ನಾಟಕ ಮಾಡಿದ್ವಿ. ಉಳಿದ ದೋಣಿಗಳೆಲ್ಲ ನಂಬಿ ಅತ್ತ ಹೋದವು. ಕತ್ತಲಾದ ಮೇಲೆ ದೀಪ ಆರಿಸಿ, ಒಳ್ಳೆ ಗಾಳಿ ಹುಡುಕಿಕೊಂಡು ನಡುಗಡಲಿಗೆ ಹೊರಳಿದ್ವಿ. ಬೆಳಿಗ್ಗೆ ಸುತ್ತ ಒಂದು ಹಾಯಿಯೂ ಕಾಣಲಿಲ್ಲ. "ನಿನ್ನ ತಲೆಯೇ ತಲೆ" ಅಂತ ಅಣ್ಣ ಬೆನ್ನು ತಟ್ಟಿದ.

ಮಧ್ಯಾಹ್ನ ಅಲೆ ಅವನನ್ನ ಎಳ್ಕೊಂಡು ಹೋಯ್ತು. ಒಂದೇ ದೋಣಿ ಎಷ್ಟು ಕಡಲು ಹುಡುಕೀತು? ವೈರ್‌ಲೆಸ್ಸಿನಲ್ಲಿ ಕೂಗಿದೆ. ಎಲ್ಲರೂ ಪಂದ್ಯ ಬಿಟ್ಟು ಹೊರಟರು, ಆದರೆ ಮೊದಲನೆಯವರು ಬಂದು ಮುಟ್ಟೋಕೆ ಆರು ಗಂಟೆ ಹಿಡೀತು.

ಪುಟ್ಟಿ ದೊಡ್ಡವಳಾಗಿ ಕೇಳಿದ್ರೆ, ಆ ದಾರಿ ಅಪ್ಪ ಹಿಡಿದದ್ದು ಅನ್ನಬೇಡಿ. ಅತ್ತೆ ತೋರಿಸಿದ್ದು ಅನ್ನಿ.

ನಿಮ್ಮ ನಾದಿನಿ