ಹನ್ನೊಂದನೆಯ ಚುಕ್ಕಿ

ಹೊಸಕೆರೆ, ಮುಳಬಾಗಿಲು ತಾಲ್ಲೂಕು
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ಅಜ್ಜಿಗೆ, ಮೊಮ್ಮಗಳು ಸುನಂದಳ ನಮಸ್ಕಾರ.

ಮೊದಲು ಇದನ್ನು ನಿನಗೆ ಓದಿ ಹೇಳುವ ನಾಗಮಣಿ ಅತ್ತೆಯ ಕ್ಷಮೆ ಕೇಳಬೇಕು. ಅತ್ತೆ, ನನ್ನ ಅಕ್ಷರ ರೇಷ್ಮೆಹುಳು ತಿಂದ ಸೊಪ್ಪಿನ ಹಾಗಿದೆ. ಐದನೆಯ ತರಗತಿಗೆ ಶಾಲೆ ಬಿಟ್ಟವಳು, ಒತ್ತಕ್ಷರಗಳು ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ. ನಗು ಬಂದರೆ ಅಜ್ಜಿ ನಕ್ಕ ಮೇಲೆ ನಗಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಜ್ಜಿಗೆ ಫೋನಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ, ನನಗೆ ಫೋನಿನಲ್ಲಿ ಅರ್ಧ ಮಾತು ಬರುವುದಿಲ್ಲ.

ಅಜ್ಜಿ, ಮೊಣಕಾಲು ಹೇಗಿದೆ? ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆಗೆ ಕೆಮ್ಮು ಹೆಚ್ಚಾಗಿದೆ ಎಂದು ತಿಳಿಯಿತು. ಬಿಸಿನೀರು ಕುಡಿ. ರಾತ್ರಿ ಮುದ್ದೆ ಬೇಕು ಎಂದು ಅತ್ತೆಯನ್ನು ಬಾಯಿಬಿಟ್ಟು ಕೇಳು, ಅಳಿಯನ ಮನೆ ಎಂದು ಸಂಕೋಚಪಡಬೇಡ. ಇಲ್ಲಿ ಅಪ್ಪ ಅಮ್ಮ ಚೆನ್ನಾಗಿದ್ದಾರೆ. ರೇಷ್ಮೆಹುಳುಗಳು ಪೊರೆ ಬಿಡಲು ಮೂರನೆಯ ಜ್ವರಕ್ಕೆ ಮಲಗಿವೆ. ಅವು ಏಳುವ ತನಕ ಸೊಪ್ಪು ಹಾಕುವ ಕೆಲಸವಿಲ್ಲ, ಅದಕ್ಕೇ ಬರೆಯಲು ಬಿಡುವು ಸಿಕ್ಕಿದೆ.

ದೀಪಾವಳಿ ಮುಗಿದ ವಾರ ಶಾಲೆಯ ಅಂಗಳದಲ್ಲಿ ನಡೆದದ್ದು ನಿನಗೆ ಮರೆತಿರುವುದಿಲ್ಲ. ನಮ್ಮೂರಿನಿಂದ ಯುದ್ಧಕ್ಕೆ ಹೋದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಶಾಲೆಯ ಮುಂದೆ ನಿಲ್ಲಿಸುತ್ತೇವೆ ಎಂದು ಶ್ರೀನಿವಾಸಪ್ಪ ಮೇಷ್ಟ್ರು ಪಟ್ಟಿ ಓದಿದರು. ಏಳು ಹೆಸರುಗಳಿದ್ದವು, ತಾತನದು ಇರಲಿಲ್ಲ. ನೀನು ಎದ್ದು ಕೇಳಿದ್ದಕ್ಕೆ ಅವರು, "ಅಮ್ಮಾ, ಇದು ಯುದ್ಧ ಮಾಡ್ದೋರ ಕಲ್ಲು. ಪಿಳ್ಳಪ್ಪಣ್ಣ ನೀರಿನ ಲಾರಿ ಓಡಿಸ್ತಿದ್ದ. ಲಾರಿ ಓಡ್ಸಿದೋರ್ನೆಲ್ಲ ಹಾಕಿದ್ರೆ ನರಸಾಪುರದ ಕಂಪನಿ ಬಸ್ ಡ್ರೈವರ್‌ಗಳನ್ನೂ ಹಾಕ್ಬೇಕಾಗ್ತದೆ" ಎಂದರು. ಎಲ್ಲರೂ ನಕ್ಕರು. ನೀನು ಸೆರಗು ಕೊಡವಿ, "ಆ ಮನುಷ್ಯನ ಹೆಸರು ಕಲ್ಲಿಗೆ ಬೀಳೋ ತನಕ ಈ ಊರಿನ ನೀರು ಮುಟ್ಟಲ್ಲ" ಎಂದು ಹೇಳಿ ಮಾರನೆಯ ಬೆಳಿಗ್ಗೆಯೇ ಮಾಲೂರಿನ ದಾರಿ ಹಿಡಿದೆ. ನಾನು ಆವತ್ತು ನಿನ್ನ ಪಕ್ಕದಲ್ಲೇ ಕುಳಿತಿದ್ದೆ. ಒಂದು ಮಾತೂ ಆಡಲಿಲ್ಲ. ಆ ಸಂಕಟಕ್ಕೆ ಮೂರು ದಿನ ಊಟ ಸೇರಲಿಲ್ಲ.

ನಾಲ್ಕನೆಯ ದಿನ ತಾತನ ಟ್ರಂಕು ತೆರೆದೆ. ಅದರಲ್ಲಿದ್ದ ಸೇನೆಯ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿತ್ತು. ಓದಲು ಬಾರದು, ಆದರೆ ಬರೆಯಬಹುದಲ್ಲ ಎಂದು ಒಂದೊಂದು ಅಕ್ಷರವನ್ನೂ ಚಿತ್ರ ಬಿಡಿಸುವಂತೆ ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡು ಕೋಲಾರದ ಮಾಜಿ ಸೈನಿಕರ ಕಚೇರಿಗೆ ಹೋದೆ. ಮೊದಲ ಸಲ ಬಾಗಿಲ ಹೊರಗೆ ನಿಂತು ಹಾಗೇ ವಾಪಸು ಬಂದೆ. ಎರಡನೆಯ ಸಲ ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತು ಬಂದೆ. ಮೂರನೆಯ ಸಲ ಅಲ್ಲಿನ ಗುಮಾಸ್ತರೇ ಕರೆದು, "ಏನಮ್ಮಾ, ದಿನಾ ಬಂದು ಗೋಡೆ ಕಾಯ್ತೀಯ?" ಎಂದು ಕೇಳಿದರು. ನೋಟ್‌ಬುಕ್ಕು ಕೊಟ್ಟೆ. ಅವರು ಓದಿ, ತಾತ ಸೇನೆಯ ಸಾಗಣೆ ದಳದಲ್ಲಿದ್ದರು, ಎಪ್ಪತ್ತೊಂದರ ಯುದ್ಧದಲ್ಲಿ ರಾಜಸ್ಥಾನದ ಮರಳುಗಾಡಿನ ಕಾವಲು ಠಾಣೆಗಳಿಗೆ ನೀರು, ಹಿಟ್ಟು, ಮದ್ದುಗುಂಡು ಒಯ್ಯುತ್ತಿದ್ದ ದಳ ಅದು ಎಂದರು. ಅದೇ ದಳದಲ್ಲಿದ್ದ ಒಬ್ಬರು ಇನ್ನೂ ಇದ್ದಾರೆ, ಶ್ರೀನಿವಾಸಪುರದ ಹತ್ತಿರ ಮಾವಿನ ತೋಟವಿದೆ, ಹೆಸರು ವೆಂಕಟರಾಯಪ್ಪ ಎಂದು ಹೇಳಿ ಊರಿನ ಹೆಸರನ್ನೂ ಬರೆದುಕೊಟ್ಟರು.

ಸಂಕ್ರಾಂತಿ ಕಳೆದ ಮೇಲೆ ಅಪ್ಪನ ಜೊತೆ ಹೋದೆ. ಮಾವು ಹೂಬಿಟ್ಟು ತೋಟವೆಲ್ಲ ಜೇನಿನ ಸದ್ದು. ಎಪ್ಪತ್ತೆಂಟು ವಯಸ್ಸಿನ ಆ ಮುದುಕರಿಗೆ ತಾತನ ಹೆಸರು ಹೇಳಿದ್ದೇ ತಡ, "ಓರ್ನಾಯನೋ! ನಮ್ಮ ಪಿಳ್ಳಪ್ಪನ ಮೊಮ್ಮಗಳಾ?" ಎಂದು ಕೂತಲ್ಲಿಂದ ಎದ್ದುಬಿಟ್ಟರು. ಮಧ್ಯಾಹ್ನದವರೆಗೂ ಹೇಳಿದರು, ನಾನು ಬರೆದುಕೊಂಡೆ. ಆ ಮರಳುಗಾಡಿನಲ್ಲಿ ಬಾವಿ ಇಲ್ಲ, ಕೆರೆ ಇಲ್ಲ. ರೈಲಿನಲ್ಲಿ ಬಂದ ನೀರನ್ನು ಲಾರಿಗೆ ತುಂಬಿಕೊಂಡು ಹನ್ನೊಂದು ಠಾಣೆಗಳಿಗೆ ಮುಟ್ಟಿಸಬೇಕು. ಚಕ್ರ ಹೂಳದಿರಲಿ ಎಂದು ಟೈರಿನ ಗಾಳಿ ಇಳಿಸಿಕೊಂಡು ಓಡಿಸುವುದು, ಹೂತರೆ ಕಬ್ಬಿಣದ ಹಲಗೆ ಕೊಟ್ಟು ಎತ್ತುವುದು. ವಿಮಾನದವರಿಗೆ ಕಾಣಬಾರದೆಂದು ದೀಪ ಹಾಕುವಂತಿಲ್ಲ. "ಬಂದೂಕಿನೋರಿಗೆ ಅಡಗೋಕೆ ಗುಂಡಿ ಇತ್ತಮ್ಮಾ. ನಮಗೆ ಸ್ಟೇರಿಂಗು ಬಿಟ್ರೆ ಏನಿತ್ತು?" ಎಂದರು.

ಆಮೇಲೆ ತಾತನ ಕಾಗದಗಳನ್ನು ನೋಡಬೇಕೆಂದರು. ನೀನು ಕುಂಕುಮದ ಡಬ್ಬಿಯ ಜೊತೆ ಇಟ್ಟಿದ್ದ ಆ ಆರು ಕಾಗದಗಳನ್ನು ನಾನು ಒಯ್ದಿದ್ದೆ, ನಿನ್ನನ್ನು ಕೇಳದೆ ಒಯ್ದದ್ದಕ್ಕೆ ಬೈಯಬೇಡ. ಪ್ರತಿ ಕಾಗದದ ಕೆಳಗೂ ತಾತ ನಿನಗೆಂದು ಬಿಡಿಸಿದ ಚುಕ್ಕಿ ರಂಗೋಲಿ. ನೀನು ಅದನ್ನು ನೋಡಿ ನೋಡಿ ಯುದ್ಧ ಮುಗಿದ ಮೇಲೂ ದಿನಾ ಬಾಗಿಲಿಗೆ ಹಾಕುತ್ತಿದ್ದುದು, ಕೊನೆಯ ಕಾಗದದಲ್ಲಿ ಒಂದು ಚುಕ್ಕಿಗೆ ಗೆರೆ ಎಳೆಯಲು ತಾತ ಮರೆತಿದ್ದಾನೆ ಎಂದು ನೀನೇ ಸರಿಮಾಡಿದ್ದು, ತಾತ ರಜೆಗೆ ಬಂದವನೇ ಅದನ್ನು ಕಂಡು ಕಾಲಿನಿಂದ ಅಳಿಸಿ ಕೊಡ ನೀರು ಸುರಿದದ್ದು, ಆವತ್ತಿನಿಂದ ನೀನು ಬಾಗಿಲಿಗೆ ಬರೀ ಎರಡು ಗೆರೆ ಎಳೆದು ಒಂದು ಚುಕ್ಕಿಯನ್ನೂ ಇಡದೇ ಹೋದದ್ದು, ಇದೆಲ್ಲ ಅತ್ತೆಗೂ ಗೊತ್ತು. ಮಿಲಿಟರಿಗೆ ಹೋಗಿ ತಾತನ ತಲೆ ಕೆಟ್ಟಿತ್ತು ಎಂದೇ ಮನೆಯವರೆಲ್ಲ ಅಂದುಕೊಂಡಿದ್ದೆವು.

ವೆಂಕಟರಾಯಪ್ಪನವರು ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದರು. ನಂತರ ಕೆಮ್ಮು ಬರುವ ತನಕ ನಕ್ಕರು. "ಇದು ಮುಗ್ಗು ಅಲ್ಲಮ್ಮಣ್ಣೀ, ರಂಗೋಲಿ ಅಲ್ಲ! ನಮ್ಮ ದಾರಿ ಇದು. ಈ ಕೆಳಗಿಂದು ರೈಲ್ವೆ ಸ್ಟೇಷನ್ನು. ಇವು ಹನ್ನೊಂದೂ ಠಾಣೆಗಳು. ಹೋಗಿ ಮುಟ್ಟಿದ ಠಾಣೆ ಸುತ್ತ ಗೆರೆ ಎಳೆದು ಮತ್ತೆ ಸ್ಟೇಷನ್ನಿಗೆ ತಂದಿದ್ದಾನೆ ನೋಡು." ಅಜ್ಜಿ, ತಾತನ ಕಾಗದಗಳನ್ನು ನಿನಗೆ ಆಗಿನ ಶಾಲೆಯ ಮೇಷ್ಟ್ರು ಓದಿ ಹೇಳುತ್ತಿದ್ದರಲ್ಲ. ತಾತನಿಗೆ ಅದು ನಾಚಿಕೆಯಂತೆ. "ಅಕ್ಷರ ಮೇಷ್ಟ್ರಿಗೆ, ಚುಕ್ಕಿ ಅವಳಿಗೆ" ಎನ್ನುತ್ತಿದ್ದನಂತೆ. ಎಲ್ಲ ಕಡೆಗೂ ಹೋಗಿ ಕ್ಷೇಮವಾಗಿ ಹಿಂದಿರುಗಿದೆ ಎಂದು ನಿನಗೊಬ್ಬಳಿಗೇ ತಿಳಿಸಲು ಮಾಡಿದ ಉಪಾಯವದು. ಠಾಣೆಗಳ ಹೆಸರಿಲ್ಲ, ದಿಕ್ಕಿಲ್ಲ. ಸೈನಿಕರ ಕಾಗದ ತೆರೆದು ನೋಡುವ ಸಾಹೇಬರೂ ರಂಗೋಲಿ ಎಂದೇ ಬಿಟ್ಟಿರಬೇಕು. ಪಾಪ, ರಜೆಗೆ ಬಂದು ನೋಡಿದರೆ ತನ್ನ ಯುದ್ಧದ ದಾರಿಯೆಲ್ಲ ಅಂಗಳದಷ್ಟು ದೊಡ್ಡದಾಗಿ ಬಾಗಿಲ ಮುಂದೆ ಬಿದ್ದಿದೆ! ಹೆದರಿ ಅಳಿಸಿದನೇ ಹೊರತು ಕೋಪದಿಂದಲ್ಲ. ಮಿಲಿಟರಿಯ ವಿಷಯ ಬಾಯಿಬಿಡಬಾರದೆಂಬ ಮಾತನ್ನು ಸಾಯುವವರೆಗೂ ಉಳಿಸಿಕೊಂಡ.

ಕೊನೆಯ ಕಾಗದದ ಆ ಒಂಟಿ ಚುಕ್ಕಿಯನ್ನು ತೋರಿಸಿ ಕೇಳಿದೆ. ವೆಂಕಟರಾಯಪ್ಪನವರ ನಗು ನಿಂತಿತು. ಅದು ಎಲ್ಲಕ್ಕಿಂತ ದೂರದ ಠಾಣೆ. ಗಾಳಿ ಎದ್ದು ದಾರಿಯ ಮೇಲೆ ಮರಳಿನ ಗುಡ್ಡ ಕುಳಿತಿತ್ತಂತೆ. ಮೊದಲ ದಿನ ಲಾರಿ ಹೂತು ಹಿಂದಿರುಗಿದರು. ತಾತ ಕಾಗದ ಬರೆದದ್ದು ಅವತ್ತು. ಮರೆತದ್ದಲ್ಲ ಅಜ್ಜಿ, ಮುಟ್ಟಿರಲಿಲ್ಲ. ಮೂರನೆಯ ದಿನ ತಾತ ಒಬ್ಬ ಒಂಟೆಯವನನ್ನು ಹುಡುಕಿ, ನೀರಿನ ಡಬ್ಬಗಳನ್ನು ಒಂಟೆಗಳ ಮೇಲೆ ಹೇರಿಸಿ, ತಾನು ಮುಂದೆ ನಡೆದು ಹೋದನಂತೆ. ಅಲ್ಲಿ ಹದಿನಾರು ಜನ. ಯಾರೂ ಮುಗಿಬೀಳಲಿಲ್ಲವಂತೆ. ಮಗ್ಗಿಗೆ ನೀರು ಬೀಳುವ ಸದ್ದನ್ನೇ ಕೇಳುತ್ತ ಸುಮ್ಮನೆ ಕುಳಿತಿದ್ದರಂತೆ. ನಾವು ಲೋಟದ ತಳದಲ್ಲಿ ಒಂದು ಗುಟುಕು ಉಳಿಸಿದರೂ ತಾತ ಏಕೆ ಹಾಗೆ ನೋಡುತ್ತಿದ್ದ ಎಂದು ನನಗೆ ಈಗ ಅರ್ಥವಾಗುತ್ತಿದೆ. ಆ ಚುಕ್ಕಿಗೆ ನೀನು ಗೆರೆ ಎಳೆದ ವಿಷಯ ಹೇಳಿದಾಗ ಆ ಮುದುಕರು ಕಣ್ಣೊರೆಸಿಕೊಂಡು, "ನಾವಲ್ಲಿ ಮೂರು ದಿನ ಒದ್ದಾಡಿದ್ವಿ. ನಿಮ್ಮಜ್ಜಿ ಬಾಗಿಲಲ್ಲಿ ಕೂತ್ಕೊಂಡೇ ಮುಟ್ಟಿಸ್ಬಿಟ್ಲಲ್ಲಮ್ಮಾ" ಎಂದರು.

ಹೋದ ಭಾನುವಾರ ಶಾಲೆಯಲ್ಲಿ ಮತ್ತೆ ಸಭೆ. ವೆಂಕಟರಾಯಪ್ಪನವರು ಎರಡು ಬಸ್ಸು ಬದಲಿಸಿ ಬಂದರು. ಅವರೇ ಮಾತಾಡಲಿ ಎಂದಿದ್ದೆ. ಅವರೋ, "ಬರೆದೋಳು ನೀನು, ಓದೋಳೂ ನೀನೇ" ಎಂದುಬಿಟ್ಟರು. ಅಜ್ಜಿ, ನಾನು ಎದ್ದು ನಿಂತು ಓದಿದೆ. ನೋಟ್‌ಬುಕ್ಕು ಎರಡು ಸಲ ಕೈಜಾರಿ ಬಿತ್ತು. ಆದರೂ ಕೊನೆಯ ಸಾಲಿನವರೆಗೂ ಓದಿದೆ. ಮುಗಿದಾಗ ಯಾರೂ ನಗಲಿಲ್ಲ. ಶ್ರೀನಿವಾಸಪ್ಪ ಮೇಷ್ಟ್ರು ತಾತನ ಕಾಗದ ಇಸಿದುಕೊಂಡು ಚುಕ್ಕಿಗಳನ್ನು ಎಣಿಸಿದರು. "ಎರಡನೇ ಕ್ಲಾಸಲ್ಲಿದ್ದೆ ಕಣಮ್ಮಾ. ಇಸ್ಕೂಲಿಗೆ ಓಡ್ತಾ ಓಡ್ತಾ ಈ ರಂಗೋಲೀನ ದಿನಾ ತುಳಿದಿದ್ದೀನಿ" ಎಂದರು. ಆಮೇಲೆ ಪಟ್ಟಿ ತೆಗೆದು ತಮ್ಮ ಕೈಯಿಂದಲೇ ಎಂಟನೆಯ ಹೆಸರು ಬರೆದರು. ಮಾಲೂರಿಗೆ ಬಂದು ನಿನ್ನ ಕ್ಷಮೆ ಕೇಳಬೇಕಂತೆ, ಆದರೆ ನಿನ್ನ ಬಾಯಿಗೆ ಹೆದರುತ್ತಾರೆ. ಮೊನ್ನೆ ಕಲ್ಲುಕುಟಿಗ ಹೆಸರು ಕೆತ್ತಿ ಮುಗಿಸಿದ. ಪಿಳ್ಳಪ್ಪ, ಸಾಗಣೆ ದಳ. ನಾನು ಬೆರಳಾಡಿಸಿ ನೋಡಿದೆ, ಆಳವಾಗಿಯೇ ಇದೆ. ಮಾರ್ಚ್ ಎರಡನೆಯ ತಾರೀಖು ಭಾನುವಾರ ಕಲ್ಲು ನಿಲ್ಲಿಸುತ್ತಾರೆ.

ಅತ್ತೆಗೂ ಮಾವನಿಗೂ ನಮಸ್ಕಾರ. ಅಜ್ಜಿ, ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಮೊಮ್ಮಗಳು,
ಸುನಂದ

ಮರೆತ ಮಾತು: ಅತ್ತೆ, ಇದನ್ನು ನಿಧಾನವಾಗಿ ಓದಿ. ಅಜ್ಜಿ, ಹೆಸರು ಕಲ್ಲಿಗೆ ಬಿದ್ದಿದೆ, ಇನ್ನು ಊರಿನ ನೀರು ಮುಟ್ಟಬಹುದು. ಈ ಕಾಗದದ ಕೆಳಗೆ ಚುಕ್ಕಿ ಬಿಡಿಸಿದ್ದೇನೆ, ಅದನ್ನು ಯಾರೂ ಓದಿ ಹೇಳುವುದು ಬೇಡ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಅದನ್ನೇ ಇಟ್ಟೆ. ಹತ್ತು ಚುಕ್ಕಿಗಳಿಗೆ ಗೆರೆ ಸುತ್ತಿ ತಂದೆ. ಹನ್ನೊಂದನೆಯದಕ್ಕೆ ನೀನು ಹೇಗೆ ಎಳೆಯುತ್ತಿದ್ದೆಯೋ ನನಗೆ ಗೊತ್ತಿಲ್ಲ, ಹಾಗೇ ಬಿಟ್ಟಿದ್ದೇನೆ.