ನಾಲ್ಕು ಪರ್ಸೆಂಟಿನ ಇಳಿಜಾರು

ಅಣ್ಣಾ,

ಡ್ಯೂಟಿಗೆ ಹೊರಟೆ. ಊಟ ಮುಚ್ಚಿಟ್ಟಿದೀನಿ. ಮೊದಲು ಉಣ್ಣು, ಆಮೇಲೆ ಇದನ್ನ ಓದು. ಹೊಟ್ಟೆ ತುಂಬಿದ್ರೆ ನಿನಗೆ ಕೋಪ ಕಮ್ಮಿ.

ಅಮ್ಮನ ಗಾಲಿಕುರ್ಚಿಗೆ ಅಂತ ಬಾಗಿಲ ಮುಂದೆ ಇಳಿಜಾರು ಕಟ್ಟಿ, "ಬರೀ ನಾಲ್ಕು ಪರ್ಸೆಂಟ್" ಅಂತ ಬೀದಿಗೆಲ್ಲಾ ಡಂಗುರ ಸಾರಿದ್ಯಲ್ಲ, ಇವತ್ತು ಟೇಪ್ ಹಿಡಿದು ನೋಡಿದೆ. ಎತ್ತರ ನಲವತ್ತು ಸೆಂಟಿಮೀಟರ್, ನೆಲದ ಮೇಲಿನ ಉದ್ದ ನೂರ ಅರವತ್ತು. ಮಹಾನುಭಾವ, ನೀನು ಉದ್ದವನ್ನ ಎತ್ತರದಿಂದ ಭಾಗಿಸಿದೀಯ! ಎತ್ತರವನ್ನ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಬರೋದು ಇಪ್ಪತ್ತೈದು. ಅದು ಇಳಿಜಾರಲ್ಲ, ಜಾರುಬಂಡೆ.

ಎಂಟು ದಾಟಬಾರದು ಅಂತ ಆಸ್ಪತ್ರೇಲಿ ಹೇಳಿದ್ದು ನೆನಪಿದೆ ತಾನೆ? ಹಾಗಾದ್ರೆ ಉದ್ದ ಐದು ಮೀಟರ್ ಬೇಕು. ಅಂದ್ರೆ ನಿನ್ನ ಮುದ್ದಿನ ಬೈಕ್ ನಿಲ್ಲೋ ಜಾಗದ ತನಕ. ಬೈಕನ್ನ ಇವತ್ತೇ ಎತ್ತಂಗಡಿ ಮಾಡು, ಅಳಬೇಡ.

ಅಮ್ಮನ ಹತ್ರ ಮಾತ್ರ ಈ ಮಾತೆತ್ತಬೇಡ. "ನನ್ನ ಮಗ ಕಟ್ಟಿದ್ದು, ಎಷ್ಟು ಸಲೀಸಾಗಿದೆ ನೋಡು" ಅಂತ ದಿನಾ ಹೊಗಳ್ತಾಳೆ.

ಇಳಿಯೋವಾಗ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ತಾಳೆ.

ನಿನ್ನ ತಂಗಿ